ಅವ್ವನ ಕೌದಿಯ ಹೊಲಿಗೆ ಬಿಚ್ಚಬೇಡ, ಹಾಗೆಯೇ ತಾ

ತಂಗಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ರಾಣೆಬೆನ್ನೂರಿನಿಂದ ಪುಣೆಗೆ ಬಂದು ಇನ್ನೂ ಎರಡು ತಿಂಗಳು ತುಂಬಿಲ್ಲ, ಹಿಂಜವಡಿಯ ಹದಿನಾಲ್ಕನೆಯ ಮಹಡಿಯಲ್ಲಿ ಹಗಲೆಲ್ಲ ಒಬ್ಬಳೇ ಇರುತ್ತೇನೆ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವ ನಿಮ್ಮ ಬಳಗಕ್ಕೆ ಬರಬಹುದೇ ಎಂದು ಕೇಳಿದ್ದೀಯ. ಬಟ್ಟೆ ಎಲ್ಲಿ ಸಿಗುತ್ತದೆ, ಊರಿನ ಹೊಲಿಗೆ ಮಷೀನನ್ನು ತರಿಸಲೇ, ಮರಾಠಿ ಬಾರದವರು ಬಂದರೆ ನಡೆಯುತ್ತದೆಯೇ, ಬಾಡಿಗೆ ಎಲ್ಲಿ ಕಡಿಮೆ ಎಂದೂ ಕೇಳಿದ್ದೀಯ. ಕೊನೆಗೆ ಸಂಕೋಚಪಟ್ಟುಕೊಂಡು ಇನ್ನೊಂದು ಸಾಲು ಸೇರಿಸಿದ್ದೀಯ: "ಅವ್ವ ಅರ್ಧ ಹೊಲಿದಿಟ್ಟ ಕೌದಿ ನನ್ನ ಹತ್ತಿರ ಇದೆ. ಹೊಲಿಗೆ ಸೊಟ್ಟಸೊಟ್ಟ. ಬಿಚ್ಚಿ ಮಷೀನಿನಲ್ಲಿ ನೆಟ್ಟಗೆ ಹೊಲಿದು ತರಲೇ?"

ಉಳಿದದ್ದಕ್ಕೆ ಉತ್ತರ ನಾಳೆ ಬರೆದರೂ ಆಗುತ್ತಿತ್ತು. ಈ ಒಂದಕ್ಕೆ ತಡ ಮಾಡಲಾರೆ. ಬಿಚ್ಚಬೇಡ. ಕತ್ತರಿಯನ್ನು ಕೆಳಗಿಟ್ಟು ಇದನ್ನು ಓದು.

ನಾನು ಗದಗಿನಿಂದ ಮದುವೆಯಾಗಿ ಇಲ್ಲಿಗೆ ಬಂದದ್ದು 1996ರಲ್ಲಿ. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ, ನಸುಕಿನಲ್ಲಿ ಕಾತ್ರಜ ಘಾಟು ಇಳಿದು ಸ್ವಾರಗೇಟಿನಲ್ಲಿ ಇಳಿದೆವು. ಯಜಮಾನರ ಕೈಯಲ್ಲಿ ಎರಡು ಟ್ರಂಕು, ನನ್ನ ತೊಡೆಯ ಮೇಲೆ ಅವ್ವ ಕಟ್ಟಿಕೊಟ್ಟ ಕೌದಿಯ ಗಂಟು. ಅಜ್ಜಿಯ ಎರಡು ಇಳಕಲ್ ಸೀರೆ, ಅಪ್ಪನ ಧೋತರ, ನಡುನಡುವೆ ಕುಪ್ಪಸಕ್ಕೆಂದು ನೇಯುವ ಗುಳೇದಗುಡ್ಡ ಖಣದ ತುಂಡುಗಳು. ಸದಾಶಿವ ಪೇಟೆಯ ವಾಡೆಯೊಂದರಲ್ಲಿ ಎರಡು ಕೋಣೆಯ ಮನೆ. ಮೂರನೆಯ ದಿನವೇ ಕೌದಿಯನ್ನು ಒಗೆದು ಓಣಿಯ ಹಗ್ಗಕ್ಕೆ ಹಾಕಿದೆ. ಎದುರು ಮನೆಯಾಕೆ ಅದರ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, ಒಳಗಿದ್ದವರನ್ನೂ ಕರೆದು ತೋರಿಸಿ ನಕ್ಕರು. ಅವರು ಆಡಿದ ಮಾತು ಆಗ ಅರ್ಥವಾಗಲಿಲ್ಲ. ನಗು ಅರ್ಥವಾಯಿತು. ಅಂದಿನಿಂದ ಆ ಕೌದಿಯನ್ನು ಒಳಗೇ ಒಣಗಿಸಿದೆ. ಹೊಲಿಗೆ ತರಗತಿಗೆ ಸೇರಿದೆ. ಅಳತೆಪಟ್ಟಿ ಇಲ್ಲದೆ ಒಂದು ಗೆರೆಯನ್ನೂ ಎಳೆಯದವಳಾದೆ. ಇಂಚಿಗೆ ಹತ್ತು ಹೊಲಿಗೆ, ಎಲ್ಲ ಒಂದೇ ಉದ್ದ. ಇದೇ ನನ್ನ ಹೆಮ್ಮೆಯಾಯಿತು.

ನಮ್ಮ ಬಳಗ ಶುರುವಾದದ್ದು 2009ರಲ್ಲಿ, ಐದೇ ಜನರಿಂದ. ಈಗ ಮೂವತ್ತಕ್ಕೂ ಹೆಚ್ಚು ಜನ ಇದ್ದೇವೆ. ಅರ್ಧಕ್ಕರ್ಧ ನಮ್ಮ ಕಡೆಯವರು: ಬಾಗಲಕೋಟೆ, ವಿಜಯಪುರ, ಧಾರವಾಡ, ಬೀದರ. ಉಳಿದವರು ಸಾತಾರಾ, ಕೊಲ್ಹಾಪುರದ ಮರಾಠಿಯವರು. ನಮ್ಮ ಕೌದಿಗೆ ಅವರು ಗೋಧಡಿ ಅನ್ನುತ್ತಾರೆ, ಕೊಲ್ಹಾಪುರದ ಕಡೆಯವರು ವಾಕಳ ಅನ್ನುವುದೂ ಉಂಟು. ಬಂಗಾಳದ ಒಬ್ಬರು ಕಾಂಥಾ ಹೊಲಿಯುತ್ತಾರೆ. ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಡಿಸಿ, ಅದೇ ಎಳೆಯಿಂದ ಆ ಸೀರೆಯನ್ನು ಹೊಲಿಯುವುದು ಅವರ ಹಿರಿಯರ ಪದ್ಧತಿಯಂತೆ. ಅದನ್ನು ಮೊದಲ ಸಲ ನೋಡಿದ ದಿನ ನಾವೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಸುತ್ತ ಕುಳಿತುಬಿಟ್ಟೆವು.

ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ಸೇರುತ್ತೇವೆ. ಮೊದಲು ಪ್ರತಿಯೊಬ್ಬರೂ ಆ ತಿಂಗಳು ಹೊಲಿದದ್ದನ್ನು ಬಿಡಿಸಿ ತೋರಿಸಬೇಕು, ಮುಗಿಯದಿದ್ದರೂ ಸರಿ. ಆಮೇಲೆ ಚೌಕ ಬದಲಾಯಿಸಿಕೊಳ್ಳುವುದು: ನಾನು ಹೊಲಿದ ಚೌಕ ನಿನಗೆ, ನಿನ್ನದು ನನಗೆ. ವರ್ಷವೆಲ್ಲ ಹೀಗೆ ನಡೆದರೆ ಒಬ್ಬೊಬ್ಬರ ಕೌದಿಯಲ್ಲೂ ಎಲ್ಲರ ಕೈ ಇರುತ್ತದೆ. ಚಹಾ, ಚುರುಮುರಿ, ಮಾತು ಇದ್ದೇ ಇರುತ್ತವೆ. ಮಳೆಗಾಲಕ್ಕೆ ಮುಂಚೆ ಉಳಿದ ತುಂಡುಗಳಿಂದ ಸಣ್ಣ ಆಸನಗಳನ್ನು ಹೊಲಿಯುತ್ತೇವೆ. ಸಂತ ಜ್ಞಾನೇಶ್ವರ, ತುಕಾರಾಮರ ಪಾಲಖಿಗಳು, ಅಂದರೆ ಪಲ್ಲಕ್ಕಿ ಮೆರವಣಿಗೆಗಳು, ಪಂಢರಪುರದ ದಾರಿಯಲ್ಲಿ ಪುಣೆಯಲ್ಲಿ ಎರಡು ದಿನ ತಂಗುತ್ತವೆ. ಅವುಗಳ ಜೊತೆ ನಡೆದು ಬರುವ ವಾರಕರಿ ಭಕ್ತರಲ್ಲಿ ವಯಸ್ಸಾದವರಿಗೆ ಅವನ್ನು ಕೊಡುತ್ತೇವೆ. ನಮ್ಮ ಭಾಗದಿಂದ ಪಂಢರಪುರಕ್ಕೆ ನಡೆದುಹೋದವರ ಮನೆಯಲ್ಲಿ ಹುಟ್ಟಿದವಳು ನಾನು. ಆ ಎರಡು ದಿನ ಓಣಿಯಲ್ಲಿ ತಾಳದ ಸದ್ದು ಕೇಳಿದರೆ ನನಗೆ ಮನೆಯೊಳಗೆ ಕುಳಿತಿರಲು ಆಗುವುದಿಲ್ಲ.

ಚಳಿಗಾಲಕ್ಕೆ ಹಸುಗೂಸುಗಳ ಕೌದಿ ಹೊಲಿಯುತ್ತೇವೆ, 36 ಇಂಚಿಗೆ 36 ಇಂಚು. ಮರಾಠಿಯವರು ಅದಕ್ಕೆ ದುಪಟೆ ಅನ್ನುತ್ತಾರೆ. ಹೆರಿಗೆ ವಾರ್ಡಿನಲ್ಲಿ ತವರಿನವರು ಯಾರೂ ಬಾರದ ಬಾಣಂತಿಯರು ಇರುತ್ತಾರೆ, ಅವರಿಗಾಗಿ. ಅದಕ್ಕೆ ಮಣಿ, ಗುಂಡಿ, ಚಮಕಿ ಯಾವುದನ್ನೂ ಹಚ್ಚಬಾರದು. ಬಿಸಿನೀರಿನ ಒಗೆತಕ್ಕೆ ಬಣ್ಣ ಬಿಡಬಾರದು. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ, ಕೆಂಪು ಹತ್ತಿದರೆ ಆ ತುಂಡನ್ನು ಬದಿಗಿಡು. ಇಳಕಲ್ ಸೀರೆಯ ಸೆರಗು ಹತ್ತಿಯದಲ್ಲ, ರೇಷ್ಮೆ ಇಲ್ಲವೇ ಕೃತಕ ರೇಷ್ಮೆ. ಸೂಜಿಗೆ ಜಾರುತ್ತದೆ. ಕೂಸಿನ ಕೌದಿಗೆ ಸೀರೆಯ ಹತ್ತಿಯ ಒಡಲನ್ನೇ ತೆಗೆದುಕೋ.

ಈಗ ನಿನ್ನ ಸಣ್ಣ ಪ್ರಶ್ನೆಗಳು. ಬಟ್ಟೆಗೆ ರವಿವಾರ ಪೇಟೆ, ಸೂಜಿ ದಾರಕ್ಕೆ ತುಳಶೀಬಾಗ. ಸ್ವಾರಗೇಟಿಗೆ ಹೋಗುವ ಮೆಟ್ರೋ ಹತ್ತಿ ಮಂಡಈ ನಿಲ್ದಾಣದಲ್ಲಿ ಇಳಿದರೆ ತುಳಶೀಬಾಗ ಹತ್ತಿರವೇ. ಹಳೆಯ ಅಂಗಡಿಗಳವರು ಕೆಲವರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಊಟ ನಿದ್ದೆ ಮುಗಿಸಿಯೇ ತೆರೆಯುತ್ತಾರೆ, ಬೆಳಿಗ್ಗೆಯೇ ಹೋಗು. ಒಳಪದರಕ್ಕೆ ಮಾಂಜರಪಾಟ ಎಂದು ಕೇಳು, ಹತ್ತಿಯ ಕೋರಾ ಬಟ್ಟೆ ಕೊಡುತ್ತಾರೆ. ತಂದು ಒಗೆದು ಒಣಗಿಸಿಯೇ ಕತ್ತರಿಸು, ಮೊದಲ ನೀರಿಗೆ ಕುಗ್ಗುತ್ತದೆ. ತುಳಿಯುವ ಮಷೀನನ್ನು ಊರಲ್ಲೇ ಬಿಡು. ಮರಾಠಿ ಬಂದೇ ಬರುತ್ತದೆ. ದಾರಕ್ಕೆ ದೋರಾ, ಹೊಲಿಗೆಗೆ ಟಾಕಾ, ಕತ್ತರಿಗೆ ಕಾತ್ರಿ, ಇಷ್ಟು ಸಾಕು ಮೊದಲ ದಿನಕ್ಕೆ. ಬಾಡಿಗೆಯ ವಿಷಯ ನಿನ್ನ ಗಂಡನ ಕಚೇರಿಯವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಅಳತೆಯನ್ನು ಮಾತ್ರ ಮರೆಯಬೇಡ. ಹೊಲಿದಾದ ಮೇಲೆ ಚೌಕ 12 ಇಂಚು ಇರಬೇಕಾದರೆ 12½ ಇಂಚು ಕತ್ತರಿಸಬೇಕು, ಪ್ರತಿ ಬದಿಗೂ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಹನ್ನೆರಡಕ್ಕೇ ಕತ್ತರಿಸಿದರೆ ಐದು ಚೌಕಗಳ ಸಾಲಿನಲ್ಲಿ ಎರಡೂವರೆ ಇಂಚು ಕಡಿಮೆ ಬೀಳುತ್ತದೆ. ಈ ಲೆಕ್ಕವನ್ನು ಬಳಗದಲ್ಲಿ ಎಲ್ಲರಿಗೂ ಕಲಿಸಿದವಳು ನಾನೇ. ಕಾಕೂಗೂ ಕಲಿಸಲು ಹೋಗಿದ್ದೆ.

ಕಾಕೂ ವಿಜಯಪುರದ ಕಡೆಯವರು, ಆಗಲೇ ಎಪ್ಪತ್ತು ದಾಟಿದ್ದರು. ಅವರು ಅಳತೆಪಟ್ಟಿ ಹಿಡಿದದ್ದನ್ನು ನಾನು ನೋಡಲಿಲ್ಲ. ಗೇಣು ಹಾಕಿ ಬಟ್ಟೆ ಹರಿಯುತ್ತಿದ್ದರು. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದರು, ನಮ್ಮ ಊರುಗಳಲ್ಲಿ ಕೌದಿ ಹೊಲಿಯುವುದೇ ಹಾಗೆ. ಹಳದಿ ದಾರ, ಇಂಚಿಗೆ ಮೂರೋ ನಾಲ್ಕೋ ಹೊಲಿಗೆ, ಒಂದು ಗಿಡ್ಡ, ಒಂದು ಉದ್ದ. ಜೋಳದ ಕಾಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಹೊಲಿಯುವಾಗ ತುಟಿಯಲ್ಲೇ ಏನೋ ಹಾಡಿಕೊಳ್ಳುತ್ತಿದ್ದರು. ಮರಾಠಿಯನ್ನು ನನಗಿಂತ ಚೆನ್ನಾಗಿ ಮಾತನಾಡುತ್ತಿದ್ದರೂ ಎಣಿಸುವುದು ಮಾತ್ರ ಕನ್ನಡದಲ್ಲಿ.

2012ರಲ್ಲಿ ನಗರದ ಒಂದು ಕೈಕೆಲಸದ ಪ್ರದರ್ಶನದಲ್ಲಿ ನಮ್ಮ ಬಳಗಕ್ಕೂ ಜಾಗ ಸಿಕ್ಕಿತು. ಇಪ್ಪತ್ತು ಜನ, ಇಪ್ಪತ್ತು ಚೌಕ, ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು. ತಮ್ಮ ತಮ್ಮ ಮನೆಯ ಹಳೆಯ ಬಟ್ಟೆಯಿಂದ ಒಬ್ಬೊಬ್ಬರೂ ಒಂದೊಂದು ಚೌಕ ಹೊಲಿದು ಕೊಡುವುದು, ಜೋಡಿಸುವ ಕೆಲಸ ನನ್ನದು. ಕಾಕೂ ಕೊಟ್ಟ ಚೌಕ ಒಂದು ಬದಿಗೆ ಮುಕ್ಕಾಲು ಇಂಚು ಹೆಚ್ಚು, ಇನ್ನೊಂದು ಬದಿಗೆ ಅರ್ಧ ಇಂಚು ಕಡಿಮೆ. ಇಳಕಲ್ಲಿನ ಒಡಲು, ಮೂಲೆಗೊಂದು ನವಿಲುಗರಿ ಬಣ್ಣದ ಖಣ. ಜೋಡಿಸಬಹುದಿತ್ತು, ತಂಗಿ. ಕಡಿಮೆ ಬಿದ್ದಲ್ಲಿ ಒಂದು ಪಟ್ಟಿ ಕೊಟ್ಟಿದ್ದರೆ ಆಗಿಹೋಗುತ್ತಿತ್ತು. ಅದು ನನಗೆ ಆ ರಾತ್ರಿಯೂ ಗೊತ್ತಿತ್ತು. ಆದರೆ ನನ್ನ ಕಣ್ಣಿಗೆ ಬಂದದ್ದು ಸದಾಶಿವ ಪೇಟೆಯ ಆ ಹಗ್ಗ, ಅಂಚನ್ನು ಹಿಡಿದ ಆ ಎರಡು ಬೆರಳು. ಪುಣೆಯ ಜನ ನಮ್ಮವರ ಕೈಯನ್ನು ನೋಡಿ ಮತ್ತೆ ನಗಬಾರದು ಎಂದು ರಾತ್ರಿ ಹನ್ನೊಂದಕ್ಕೆ ಕುಳಿತೆ. ಎರಡು ಗಂಟೆಯವರೆಗೆ ಆ ಹಳದಿ ದಾರವನ್ನೆಲ್ಲ ಬಿಚ್ಚಿದೆ, ಬಟ್ಟೆಯನ್ನು ನೇರ ಮಾಡಿ ಮಷೀನಿನಲ್ಲಿ ಬಿಳಿ ದಾರ ಹಾಕಿ ಹೊಲಿದೆ. ಬಿಚ್ಚಿದ ದಾರವನ್ನು ಬೆಳಿಗ್ಗೆ ಕಸದ ಜೊತೆ ಗುಡಿಸಿದೆ.

ಪ್ರದರ್ಶನಕ್ಕೆ ಕಾಕೂ ಒಳ್ಳೆಯ ಸೀರೆ ಉಟ್ಟು ಮೊಮ್ಮಗನ ಕೈ ಹಿಡಿದು ಬಂದರು. "ಅಜ್ಜಿ, ನಿನ್ನದು ಯಾವುದು?" ಎಂದು ಹುಡುಗ ಕೇಳುತ್ತಿದ್ದ. ಅವರು ಸಾಲುಸಾಲಾಗಿ ಹುಡುಕಿದರು. ಖಣದ ಬಣ್ಣದಿಂದ ಗುರುತು ಸಿಕ್ಕಿತು. ಹೊಲಿಗೆಯ ಮೇಲೆ ಬೆರಳಾಡಿಸಿ, ಸ್ವಲ್ಪ ಹೊತ್ತು ನಿಂತು, ಹುಡುಗನಿಗೆ ಹೇಳಿದರು: "ಬಟ್ಟೆ ನನ್ನದೇ. ಕೈ ನನ್ನದಲ್ಲ."

ಯಾರು ಬಿಚ್ಚಿದರು ಎಂದು ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಚಹಾ ಕುಡಿದು, ಎಲ್ಲರಿಗೂ ಹೇಳಿಯೇ ಹೋದರು. ಆ ಮಧ್ಯಾಹ್ನ ಸಾತಾರಾದ ಗೆಳತಿ ತನ್ನ ಅತ್ತೆಯನ್ನು ಕರೆದುಕೊಂಡು ಬಂದು, "ಆ ಅಜ್ಜಿಯ ಹಳದಿ ಹೊಲಿಗೆಯನ್ನು ತೋರಿಸಲೆಂದೇ ಇವರನ್ನು ಕರೆತಂದೆ, ಎಲ್ಲಿದೆ?" ಎಂದು ಕೇಳಿದಳು. ನನಗೆ ಬಾಯಿ ಬರಲಿಲ್ಲ.

ಮುಂದಿನ ತಿಂಗಳು ಕಾಕೂ ಬರಲಿಲ್ಲ. ಮೊಣಕಾಲು ನೋವು ಎಂದರು. ಮರುವರ್ಷ ಮಗಳ ಮನೆಗೆಂದು ಸೊಲ್ಲಾಪುರಕ್ಕೆ ಹೋದರು. ಊರಿಗೆ ಹೋಗುವಾಗ ನಾನು ಎರಡು ಸಲ ಸೊಲ್ಲಾಪುರ, ವಿಜಯಪುರದ ದಾರಿಯ ರೈಲಿನಲ್ಲೇ ಹೋದೆ. ಸೊಲ್ಲಾಪುರದಲ್ಲಿ ರೈಲು ನಿಂತಿತ್ತು. ವಿಳಾಸ ಚೀಲದಲ್ಲಿತ್ತು. ಇಳಿಯಲಿಲ್ಲ, ಏನೆಂದು ಮಾತು ತೆಗೆಯಲಿ ಎಂದು. 2017ರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆ ದೊಡ್ಡ ಕೌದಿಯನ್ನು ಒಂದು ವೃದ್ಧಾಶ್ರಮಕ್ಕೆ ಕೊಟ್ಟಿದ್ದೆವು. ಒಗೆದು ಒಗೆದು ಹರಿದುಹೋಯಿತೆಂದು ಆಮೇಲೆ ತಿಳಿಯಿತು. ಅವರ ಕೈಯ ಒಂದು ಹೊಲಿಗೆಯೂ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.

ಮರುವರ್ಷ ನಾವು ಒಂಬತ್ತು ಜನ ಹಳಿಯಾಳದ ಸಮೀಪದ ಸಿದ್ದಿಯರ ಹಳ್ಳಿಯೊಂದಕ್ಕೆ ಹೋಗಿ ಎರಡು ದಿನ ಇದ್ದೆವು. ಕೌದಿಗೆ ಅವರು ಕವಂದಿ ಅನ್ನುತ್ತಾರೆ, ಅದನ್ನು ನೀನು ನೋಡಲೇಬೇಕು. ಅವರೂ ಅಂಚಿನಿಂದ ಒಳಕ್ಕೆ ಸುತ್ತುತ್ತಾರೆ, ಮೂಲೆಗಳಲ್ಲಿ ಫುಲ ಎಂದು ಕರೆಯುವ ತ್ರಿಕೋನದ ಮಡಿಕೆಗಳನ್ನು ಇಡುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಜಗಲಿಯ ಮೇಲೆ ಏಳೆಂಟು ಕವಂದಿ ಹರಡಿದ್ದರು. ಅಲ್ಲಿನ ಒಬ್ಬ ಹೆಂಗಸು ಬರೀ ಹೊಲಿಗೆ ನೋಡಿ ಇದು ನನ್ನ ಅತ್ತಿಗೆಯದು, ಇದು ಆ ಮನೆಯ ಮುದುಕಿಯದು ಎಂದು ಒಂದೊಂದನ್ನೂ ಎತ್ತಿ ಹೇಳುತ್ತ ಹೋದಳು. ನಾನು ಹಿಂದಿನ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಜೊತೆಗಿದ್ದವರಿಗೆ ಹೊಗೆ ಹತ್ತಿತು ಎಂದು ಹೇಳಿದೆ.

ಈಗ ನಮ್ಮ ಬಳಗದಲ್ಲಿ ಒಂದು ನೇಮವಿದೆ. ಚೌಕ ಎಷ್ಟೇ ಹೆಚ್ಚುಕಡಿಮೆ ಇರಲಿ, ಸುತ್ತಲೂ ಪಟ್ಟಿ ಕೊಟ್ಟು ಅಳತೆಗೆ ತರುತ್ತೇವೆ. ಹೊಲಿದವರನ್ನು ಕೇಳದೆ ಅವರ ಹೊಲಿಗೆಯನ್ನು ಯಾರೂ ಬಿಚ್ಚುವಂತಿಲ್ಲ. ಹಿಂಬದಿಯಲ್ಲಿ ಹೊಲಿದವರ ಹೆಸರು, ಊರು, ವರ್ಷವನ್ನು ದಾರದಲ್ಲೇ ಬರೆಯುತ್ತೇವೆ, ಕನ್ನಡದಲ್ಲೋ ಮರಾಠಿಯಲ್ಲೋ ಬಂಗಾಳಿಯಲ್ಲೋ.

ನಿನ್ನ ಅವ್ವ ಎಲ್ಲಿ ಸೂಜಿ ನಿಲ್ಲಿಸಿದ್ದಾರೋ ಅಲ್ಲಿಗೆ ಒಂದು ಕೆಂಪು ದಾರದ ಗಂಟು ಹಾಕು. ಅಲ್ಲಿಂದ ಮುಂದೆ ನೀನು ಹೊಲಿ, ನಿನ್ನ ಕೈಗೆ ಬಂದ ಹಾಗೆ. ಪದರಗಳು ಸರಿದಾಡದಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಮೊದಲು ಹಾಕಿಕೋ. ಅವ್ವ ಇನ್ನೂ ಇದ್ದಾರೆಯೇ, ಏನು ಎಂಬುದನ್ನು ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ. ಇದ್ದರೆ ಈ ವಾರವೇ ಫೋನು ಮಾಡಿ ಯಾವ ತುಂಡು ಯಾರ ಸೀರೆಯದು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೋ.

ಎರಡನೆಯ ಶನಿವಾರ ಹಿಂಜವಡಿಯಿಂದ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬಾ. ಅಲ್ಲಿ ಮೆಟ್ರೋ ಹತ್ತಿ, ಮುಂದಿನ ಕೋರ್ಟ್ ನಿಲ್ದಾಣದಲ್ಲಿ ಬದಲಿಸಿ ವನಾಜ್‌ಗೆ ಹೋಗುವ ಗಾಡಿ ಹಿಡಿ. ವನಾಜ್‌ನಲ್ಲಿ ಇಳಿದು ರಿಕ್ಷಾದವನಿಗೆ ಕರ್ವೆ ಪುತಳಾ ಎಂದು ಹೇಳು, ಎಲ್ಲರಿಗೂ ಗೊತ್ತು. 1916ರಲ್ಲಿ ಹೆಂಗಸರಿಗಾಗಿ ವಿಶ್ವವಿದ್ಯಾಲಯ ಕಟ್ಟಿದ ಧೋಂಡೋ ಕೇಶವ ಕರ್ವೆಯವರ ಪ್ರತಿಮೆ ಅದು. ಎರಡೂವರೆಗೆ ನಾನು ಅಲ್ಲಿ ನಿಂತಿರುತ್ತೇನೆ, ನೀಲಿ ಇಳಕಲ್ ಉಟ್ಟುಕೊಂಡು. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತರಬೇಡ, ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಕೊಂಡು ಬಾ.