ದುಡ್ಡು ಕಟ್ಟುವ ಮೊದಲು ಲೈಬ್ರರಿ ಬಾಗಿಲು ತಟ್ಟಿ

ಪ್ರಶ್ನೆ: ಮೇಡಂ, ನಾನು ಪಾವಗಡದವಳು. ತುಮಕೂರಿನಲ್ಲಿ ಪಿಎಚ್‌ಡಿಗೆ ಸೇರಿ ಒಂದು ವರ್ಷ ಆಯ್ತು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ನನ್ನ ವಿಷಯ. ಗೂಗಲ್‌ನಲ್ಲಿ ಹುಡುಕಿದರೆ ಬೇಕಾದಷ್ಟು ಲೇಖನಗಳು ಬರುತ್ತವೆ, ಆದರೆ ಕಾಣುವುದು ಸಾರಾಂಶ ಮಾತ್ರ. ಪೂರ್ತಿ ಓದಬೇಕೆಂದರೆ 40 ಡಾಲರ್ ಕೇಳುತ್ತದೆ. ಲೈಬ್ರರಿ ಕಂಪ್ಯೂಟರ್‌ನಲ್ಲಿ ಲೇಖನದ ಹೆಸರು ಹಾಕಿ ನೋಡಿದೆ, ಏನೂ ಬರಲಿಲ್ಲ. ಜೊತೆಯವರು ‘ಸಾರಾಂಶ ನೋಡಿಕೊಂಡು ಬರೆದುಬಿಡು, ಯಾರು ಕೇಳ್ತಾರೆ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ದುಡ್ಡು ಕಟ್ಟಬೇಡಿ. ಸಾರಾಂಶ ನೋಡಿ ಬರೆಯಲೂ ಬೇಡಿ.

ಎರಡನೆಯದನ್ನು ಮೊದಲು ಹೇಳುತ್ತೇನೆ. ‘ಫ್ಲೋರೈಡ್ ಮಿತಿ ಮೀರಿದೆ’ ಅಂತ ಸಾರಾಂಶದಲ್ಲಿ ಒಂದು ಸಾಲು ಇರುತ್ತದೆ. ಯಾವ ಮಿತಿ? ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಂತ ಇದೆ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಬಿಡುತ್ತಾರೆ. ಲೇಖಕರು ಯಾವುದನ್ನು ಹಿಡಿದರು, ಎಷ್ಟು ಬೋರ್‌ವೆಲ್ ನೋಡಿದರು, ನೀರು ತುಂಬಿಕೊಂಡಿದ್ದು ಬೇಸಿಗೆಯಲ್ಲೋ ಮಳೆ ಬಿದ್ದ ಮೇಲೋ, ಇದೆಲ್ಲ ಇರುವುದು ಒಳಗಿನ ಕೋಷ್ಟಕದಲ್ಲಿ. ಪಾವಗಡದ ಜನ ಆ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡಿದ್ದಾರೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂಥ ವಿಷಯದಲ್ಲಿ ಅರ್ಧ ಓದಿ ಬರೆಯಬಾರದು.

ಇನ್ನು ಲೈಬ್ರರಿ ಕಂಪ್ಯೂಟರ್. ನೀವು ಹುಡುಕಿದ್ದು ಒಪ್ಯಾಕ್‌ನಲ್ಲಿ, ಅಂದರೆ ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ ಅಂತ ಕಾಣುತ್ತದೆ. ಅದರಲ್ಲಿ ಪುಸ್ತಕಗಳ ಹೆಸರು ಇರುತ್ತದೆ, ಜರ್ನಲ್‌ಗಳ, ಅಂದರೆ ಸಂಶೋಧನಾ ಪತ್ರಿಕೆಗಳ ಹೆಸರು ಇರುತ್ತದೆ, ಆದರೆ ಜರ್ನಲ್ ಒಳಗಿನ ಒಂದೊಂದು ಲೇಖನದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಅಲ್ಲಿ ಲೇಖನ ಸಿಗದಿದ್ದರೆ ಲೈಬ್ರರಿಯಲ್ಲೇ ಇಲ್ಲ ಅಂತ ಅಲ್ಲ. ನನ್ನ ಹತ್ತಿರ ಬರುವ ಹತ್ತರಲ್ಲಿ ಏಳೆಂಟು ಮಂದಿ ಇಲ್ಲೇ ನಿರಾಸೆಯಾಗಿ ವಾಪಸ್ ಹೋಗಿರುತ್ತಾರೆ.

ಜರ್ನಲ್ ಹೆಸರಿನಿಂದ ಶುರು ಮಾಡಿ. ನಿಮ್ಮ ಕೈಯಲ್ಲಿರುವ ಉಲ್ಲೇಖವನ್ನು ಒಂದು ಹಾಳೆ ಮೇಲೆ ಬಿಡಿಸಿ ಬರೆದುಕೊಳ್ಳಿ: ಜರ್ನಲ್ ಯಾವುದು, ವರ್ಷ, ಸಂಪುಟ, ಸಂಚಿಕೆ, ಪುಟ. 45(3), 211–219 ಅಂತಿದ್ದರೆ 45 ಸಂಪುಟ, ಕಂಸದೊಳಗಿನ 3 ಸಂಚಿಕೆ, ಉಳಿದದ್ದು ಪುಟಗಳು. 10ರಿಂದ ಶುರುವಾಗುವ ಉದ್ದದ ನಂಬರ್ ಇದ್ದರೆ ಅದು ಡಿಒಐ, ಆ ಲೇಖನದ ಆಧಾರ್ ನಂಬರ್ ಇದ್ದ ಹಾಗೆ. ಅದನ್ನು ಒಂದು ಚುಕ್ಕೆಯೂ ತಪ್ಪದ ಹಾಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಲೈಬ್ರರಿ ವೆಬ್‌ಸೈಟ್‌ನಲ್ಲಿ ಇ-ಜರ್ನಲ್ ಪಟ್ಟಿಗೆ ಹೋಗಿ ಜರ್ನಲ್ ಹೆಸರು ಹುಡುಕಿ, ಅಲ್ಲಿಂದ ಒಳಗೆ ಹೋಗಿ ವರ್ಷ, ಸಂಪುಟ, ಸಂಚಿಕೆ ಅಂತ ಇಳಿಯಿರಿ. ಒಂದು ಕಡೆ ಮಾತ್ರ ಜೋಪಾನ. ಜರ್ನಲ್ ಪಟ್ಟಿಯಲ್ಲಿದ್ದರೂ ಎಲ್ಲ ವರ್ಷಗಳೂ ಇರುತ್ತವೆ ಅಂತಿಲ್ಲ. ಹಲವು ಜರ್ನಲ್‌ಗಳನ್ನು ಒಂದೇ ಕಡೆ ಇಟ್ಟಿರುವ ಸೈಟುಗಳಿಗೆ ಡೇಟಾಬೇಸ್ ಅನ್ನುತ್ತಾರೆ. ಕೆಲವು ಡೇಟಾಬೇಸ್‌ಗಳಲ್ಲಿ ಈಚಿನ ಒಂದು ವರ್ಷದ್ದು ಸಿಗುವುದಿಲ್ಲ, ಜೆಸ್ಟೋರ್ ಅನ್ನುವ ಡೇಟಾಬೇಸ್‌ನಲ್ಲಿ ಎಷ್ಟೋ ಜರ್ನಲ್‌ಗಳ ಈಚಿನ ಮೂರರಿಂದ ಐದು ವರ್ಷದ ಸಂಚಿಕೆ ಇರುವುದಿಲ್ಲ. ಹೆಸರಿನ ಕೆಳಗೆ ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ’ ಅಂತ ಸಣ್ಣಗೆ ಬರೆದಿರುತ್ತಾರೆ, ಅದನ್ನು ಓದಿ. ಒಂದು ಕಡೆ ಇಲ್ಲದ ವರ್ಷ ಇನ್ನೊಂದು ಡೇಟಾಬೇಸ್‌ನಲ್ಲಿ ಇರಬಹುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಲೈಬ್ರರಿಗೆ ಒಬ್ಬ ಹುಡುಗ ಪ್ರಿಂಟ್ ಹಿಡಿದುಕೊಂಡು ಬಂದ. ಅಣ್ಣನ ಕಾರ್ಡ್‌ನಲ್ಲಿ ಮೂರು ಸಾವಿರ ಚಿಲ್ಲರೆ ಕಟ್ಟಿ ಆ ಲೇಖನ ಕೊಂಡಿದ್ದ. ಅದೇ ಜರ್ನಲ್ ನಮ್ಮಲ್ಲಿ ಎರಡನೇ ಮಹಡಿಯಲ್ಲಿ ಬೈಂಡ್ ಆಗಿ ಕೂತಿತ್ತು. ಯಾರೂ ಅವನಿಗೆ ಹೇಳಿರಲಿಲ್ಲ. ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ.

ಈಗಂತೂ ನಿಮ್ಮ ಹೆಸರಿನಲ್ಲಿ ಸರ್ಕಾರವೇ ದುಡ್ಡು ಕಟ್ಟಿಬಿಟ್ಟಿದೆ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಅಂತ ಯೋಜನೆ, 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ. ಕೇಂದ್ರ, ರಾಜ್ಯ ಸರ್ಕಾರಗಳ ವಿಶ್ವವಿದ್ಯಾಲಯ, ಕಾಲೇಜುಗಳು ಇದರೊಳಗೆ ಬರುತ್ತವೆ. ನೋಡಿಕೊಳ್ಳುವುದು ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಕೇಂದ್ರ, ಇನ್‌ಫ್ಲಿಬ್‌ನೆಟ್. ನೀವು 40 ಡಾಲರ್ ಕಟ್ಟಿದರೆ ಅದೇ ಸಾಮಾನಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಕೆಲವು ಪ್ರಕಾಶಕರಂತೂ ದುಡ್ಡು ತೆಗೆದುಕೊಂಡು 48 ಗಂಟೆ ಮಾತ್ರ ಬಾಗಿಲು ತೆರೆಯುತ್ತಾರೆ.

ಇಷ್ಟಾದರೂ ಸಿಗದಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಕೆಳಗಿರುವ ‘ಆಲ್ ವರ್ಷನ್ಸ್’ ಒತ್ತಿ. ಲೇಖಕರೇ ತಮ್ಮ ಸಂಸ್ಥೆಯ ಆನ್‌ಲೈನ್ ಭಂಡಾರದಲ್ಲಿ ಹಾಕಿದ ಪ್ರತಿ ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಅದೂ ಇಲ್ಲವೆಂದರೆ ಆ ಹಾಳೆ ಹಿಡಿದುಕೊಂಡು ಸೀದಾ ಲೈಬ್ರರಿಯನ್ ಹತ್ತಿರ ಹೋಗಿ, ಬೇರೆ ಲೈಬ್ರರಿಯಿಂದ ತರಿಸಿಕೊಡಲು ಆಗುತ್ತದಾ ಅಂತ ಕೇಳಿ. ಸಂಕೋಚ ಬೇಡ. ಅವರ ಕೆಲಸವೇ ಅದು.

ಪ್ರಶ್ನೆ: ತಿಪಟೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿಶ್ವವಿದ್ಯಾಲಯಕ್ಕೆ ಹೋದಾಗ ತೆರೆದುಕೊಂಡ ಲೇಖನ ಮನೆಯಲ್ಲಿ ದುಡ್ಡು ಕೇಳುತ್ತದೆ. ಲಿಂಕ್ ಅದೇ. ಯಾಕೆ ಹೀಗೆ?

ಉತ್ತರ: ಪ್ರಕಾಶಕರ ಸೈಟು ನಿಮ್ಮ ಮುಖ ನೋಡುವುದಿಲ್ಲ ಸರ್, ನೆಟ್‌ವರ್ಕ್ ನೋಡುತ್ತದೆ. ಕ್ಯಾಂಪಸ್ ವೈಫೈ ಆದರೆ ಒಳಗೆ ಬಿಡುತ್ತದೆ, ಮನೆಯ ನೆಟ್ ಅದಕ್ಕೆ ಅಪರಿಚಿತ. ಮನೆಯಿಂದ ಓದಲು ಇನ್‌ಫೆಡ್ ಅಂತ ವ್ಯವಸ್ಥೆ ಇದೆ. ಸಂಸ್ಥೆಯ ಹೆಸರು ಆರಿಸಿಕೊಂಡು ನಿಮ್ಮ ಐಡಿ, ಪಾಸ್‌ವರ್ಡ್ ಹಾಕಿದರೆ ಆಯ್ತು. ಐಡಿಯನ್ನು ಕಾಲೇಜಿನ ಲೈಬ್ರರಿಯವರ ಹತ್ತಿರವೇ ಕೇಳಿ ಪಡೆಯಿರಿ.

ಪ್ರಶ್ನೆ: ಗುಬ್ಬಿ ಹತ್ತಿರದ ಊರು ನಮ್ಮದು, ಖಾಸಗಿ ಕಾಲೇಜಿನಲ್ಲಿ ಓದುತ್ತಿದ್ದೇನೆ. ತೆಂಗಿನ ರೋಗಗಳ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ನಮ್ಮ ಕಾಲೇಜಿನಲ್ಲಿ ಯಾವ ಜರ್ನಲ್ಲೂ ಇಲ್ಲ. ನನಗೆ ದಾರಿ ಇದೆಯಾ?

ಉತ್ತರ: ಇದೆ, ಧೈರ್ಯವಾಗಿರಿ. ಸರ್ಕಾರದ ಆ ಯೋಜನೆ ಸದ್ಯ ಸರ್ಕಾರಿ ಸಂಸ್ಥೆಗಳಿಗೆ ಸಿಕ್ಕಿದೆ. ನಿಮ್ಮಂಥವರು ಹೊರಗೆ ಉಳಿದದ್ದು ನನಗೆ ನಿಜವಾಗಿಯೂ ಬೇಸರದ ವಿಷಯ. ಆದರೆ ತೆಂಗಿನ ವಿಷಯಕ್ಕೆ ಬೇಕಾದಷ್ಟು ಸಾಮಗ್ರಿ ಬಿಟ್ಟಿಯಾಗಿಯೇ ಇದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಜರ್ನಲ್‌ಗಳು ಅವರದೇ ಸೈಟಿನಲ್ಲಿ ತೆರೆದಿವೆ. ಕೃಷಿ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳು ಕೃಷಿಕೋಶ ಅನ್ನುವ ಸೈಟಿನಲ್ಲಿವೆ, ಉಳಿದ ವಿಶ್ವವಿದ್ಯಾಲಯಗಳದ್ದು ಶೋಧಗಂಗಾ ಅನ್ನುವ ಸೈಟಿನಲ್ಲಿ. ಒಂದು ಒಳ್ಳೆಯ ಪ್ರಬಂಧ ಸಿಕ್ಕಿದರೆ ಅದರ ಎರಡನೇ ಅಧ್ಯಾಯ ತೆಗೆಯಿರಿ, ಹಿಂದೆ ಯಾರು ಏನು ಮಾಡಿದ್ದಾರೆ ಅನ್ನುವುದು ಅಲ್ಲೇ ಇರುತ್ತದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಜರ್ನಲ್‌ಗಳನ್ನೂ ನೋಡಿ. ಜೆಸ್ಟೋರ್‌ನಲ್ಲಿ ಬಿಟ್ಟಿ ಖಾತೆ ಮಾಡಿಕೊಂಡರೆ 30 ದಿನಕ್ಕೆ 100 ಲೇಖನ ಆನ್‌ಲೈನ್‌ನಲ್ಲಿ ಓದಬಹುದು.

ಮತ್ತೆ, ಲೇಖಕರಿಗೇ ಒಂದು ಮೇಲ್ ಹಾಕಿ. ಅವರ ಮೇಲ್ ವಿಳಾಸ ಸಾಮಾನ್ಯವಾಗಿ ಸಾರಾಂಶದ ಪುಟದಲ್ಲೇ ಇರುತ್ತದೆ. ‘ನಾನು ಇಂಥ ಕಾಲೇಜಿನ ವಿದ್ಯಾರ್ಥಿ, ನಿಮ್ಮ ಈ ಲೇಖನ ನನ್ನ ಪ್ರಾಜೆಕ್ಟ್‌ಗೆ ಬೇಕಿತ್ತು, ಒಂದು ಪ್ರತಿ ಕಳಿಸುತ್ತೀರಾ’ ಅಂದರೆ ಸಾಕು. ತಮ್ಮ ಕೆಲಸವನ್ನು ಯಾರೋ ಕೇಳಿ ಓದುತ್ತಾರೆ ಅಂದರೆ ಯಾರಿಗೆ ಖುಷಿ ಆಗಲ್ಲ?

ಪ್ರಶ್ನೆ: ಶಿರಾದಿಂದ ಬರೆಯುತ್ತಿದ್ದೇನೆ, ಕನ್ನಡ ಎಂ.ಎ. ವಿದ್ಯಾರ್ಥಿನಿ. ಹಳೆಯ ‘ಪ್ರಬುದ್ಧ ಕರ್ನಾಟಕ’ದ ಒಂದು ಲೇಖನ ಬೇಕು. ಈ ಡೇಟಾಬೇಸ್‌ಗಳಲ್ಲಿ ಅದು ಸಿಗುತ್ತದಾ?

ಉತ್ತರ: ಇಲ್ಲಮ್ಮ, ಅಲ್ಲಿ ಹುಡುಕಿ ಸುಮ್ನೆ ಹೊತ್ತು ಕಳೆಯಬೇಡಿ. 1919ರಲ್ಲಿ ಶುರುವಾದ ಪತ್ರಿಕೆ ಅದು, ಅದಕ್ಕೆ ಕಪಾಟಿನ ಮುಂದೆಯೇ ನಿಲ್ಲಬೇಕು. ಒಪ್ಯಾಕ್ ಇಲ್ಲಿ ನಿಮಗೆ ಉಪಯೋಗಕ್ಕೆ ಬರುತ್ತದೆ. ಪತ್ರಿಕೆಯ ಹೆಸರು ಹಾಕಿ, ಯಾವ ಸಂಪುಟಗಳಿವೆ ನೋಡಿಕೊಂಡು ಹೋಗಿ. ಹಳೆಯ ಪುಸ್ತಕಗಳ ಸ್ಕ್ಯಾನ್ ಇಟ್ಟಿರುವ ಇಂಟರ್ನೆಟ್ ಆರ್ಕೈವ್ ಸೈಟಿನಲ್ಲೂ ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಸ್ಕ್ಯಾನ್ ಮಾಡಿದವರು ಹೆಸರನ್ನು ಹೇಗೆ ಬೇಕಾದರೂ ಬರೆದಿರಬಹುದು. ಲೈಬ್ರರಿಯಲ್ಲಿ ಸಂಪುಟ ಸಿಕ್ಕಿದರೆ ಅನುಮತಿ ಕೇಳಿ ಫೋಟೊ ತೆಗೆದುಕೊಳ್ಳಿ. ಲೇಖನದ ಪುಟಗಳ ಜೊತೆ ಸಂಪುಟ, ಸಂಚಿಕೆ, ವರ್ಷ ಅಚ್ಚಾಗಿರುವ ಮೊದಲ ಪುಟದ್ದೂ ಒಂದು ಫೋಟೊ ಇರಲಿ. ಇಲ್ಲದಿದ್ದರೆ ಉಲ್ಲೇಖ ಬರೆಯುವಾಗ ಆ ಒಂದು ಪುಟಕ್ಕಾಗಿ ಮತ್ತೆ ಶಿರಾದಿಂದ ಬಸ್ ಹತ್ತಬೇಕಾಗುತ್ತದೆ.