ಮಗಳು ರೇಸಿಂಗ್ ಡ್ರೈವರ್ ಆಗ್ತಾಳಂತೆ, ಏನು ಮಾಡಲಿ?

ಓದುಗರ ಪತ್ರ: ನನ್ನ ಮಗಳಿಗೆ ಒಂಬತ್ತು ವರ್ಷ. ಬಾಡಿಗೆ ಕಾರ್ಟ್ (ನೆಲಕ್ಕಂಟಿದಂತಿರುವ ಪುಟ್ಟ ರೇಸ್ ಗಾಡಿ) ಟ್ರ್ಯಾಕ್‌ಗೆ ಹೋದರೆ ತನಗಿಂತ ದೊಡ್ಡ ಹುಡುಗರನ್ನೂ ಹಿಂದೆ ಹಾಕುತ್ತಾಳೆ. ರೇಸಿಂಗ್ ಡ್ರೈವರ್ ಆಗ್ತೀನಿ ಅಂತ ಒಂದೇ ಹಟ. ಈಗಾಗಲೇ ತಡವಾಯಿತೇ? ಸ್ವಂತ ಕಾರ್ಟ್ ಕೊಡಿಸಲೇ? ಶಾಲೆ ಬಿಡಿಸಿ ಪೂರ್ತಿ ಇದಕ್ಕೇ ಹಚ್ಚಬೇಕೇ? ಇರೋದನ್ನೆಲ್ಲ ಮಾರೋದಕ್ಕೂ ನಾನು ರೆಡಿ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರದ ಕೊನೆಯ ಸಾಲು ಓದಿ ಸ್ವಲ್ಪ ಗಾಬರಿಯಾಯಿತು. ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಾರಬೇಡಿ.

ಎಸ್ತೆಬಾನ್ ಒಕಾನ್ ಅವರ ಅಪ್ಪ ಅಮ್ಮ ಮನೆ ಮಾರಿ, ಕ್ಯಾರವಾನ್‌ನಲ್ಲಿ ಸಂಸಾರ ಮಾಡುತ್ತಾ ರೇಸಿಂದ ರೇಸಿಗೆ ಓಡಾಡಿದ ಕಥೆ ನೀವೂ ಕೇಳಿರಬಹುದು. ಮಗ 2016ರಲ್ಲಿ ಕಾರ್ ರೇಸಿಂಗ್‌ನ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಾದ ಫಾರ್ಮುಲಾ 1 (ಎಫ್1) ತಲುಪಿದ, ಹಾಗಾಗಿ ಆ ಕಥೆ ನಮ್ಮ ಕಿವಿಗೂ ಬಿತ್ತು. ಮನೆ ಮಾರಿಯೂ ಎಲ್ಲೂ ತಲುಪದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ನಾವು ಪತ್ರಿಕೆಯವರೂ ಅಷ್ಟೇ, ಗೆದ್ದವರ ಮನೆ ಬಾಗಿಲಿಗೇ ಹೋಗುತ್ತೇವೆ.

ಇನ್ನು ತಡವಾಯಿತೇ ಅನ್ನುವ ಪ್ರಶ್ನೆ. ಇಲ್ಲ. ಎಫ್1 ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್ ಕಾರ್ಟ್ ರೇಸಿಂಗ್ ಶುರು ಮಾಡಿದ್ದು ಎಂಟನೇ ವಯಸ್ಸಿನಲ್ಲಿ. ಡೇಮನ್ ಹಿಲ್ ಬಂದಿದ್ದು ಕಾರ್ಟಿಂದಲ್ಲ, ಮೋಟಾರ್‌ಸೈಕಲ್ ರೇಸಿಂದ. 1992ರಲ್ಲಿ ಮೊದಲ ಸಲ ಎಫ್1 ರೇಸಿಗೆ ನಿಂತಾಗ ಅವರಿಗೆ 31 ವರ್ಷ, 1996ರಲ್ಲಿ ಚಾಂಪಿಯನ್. ಈಗ ಆ ಥರ ಬರುವುದು ತುಂಬಾ ಕಷ್ಟ, ನಿಜ. ಆದರೆ ಒಂಬತ್ತು ವರ್ಷಕ್ಕೆಲ್ಲ ಯಾವ ಬಾಗಿಲೂ ಮುಚ್ಚಿರುವುದಿಲ್ಲ.

ಬಾಡಿಗೆ ಕಾರ್ಟ್‌ನಲ್ಲಿ ಎಲ್ಲರಿಗಿಂತ ಮುಂದೆ ಬರುತ್ತಾಳೆ ಅಂದರೆ ಧೈರ್ಯ ಇದೆ, ಕಣ್ಣು ಚುರುಕಾಗಿದೆ ಅಂತ ಅರ್ಥ. ಅದಕ್ಕಿಂತ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಬಾಡಿಗೆ ಗಾಡಿ ಭಾರ, ಅದರ ಟೈರು ಬಹಳ ದಿನ ಬಾಳಲಿ ಅಂತ ಗಟ್ಟಿಯಾಗಿರುತ್ತದೆ. ರೇಸ್ ಕಾರ್ಟ್ ಬೇರೆಯೇ ಪ್ರಾಣಿ. ಅದಕ್ಕೆ ಸಸ್ಪೆನ್ಷನ್ ಇಲ್ಲ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡು ಚಕ್ರವೂ ಒಂದೇ ಆಕ್ಸಲ್‌ಗೆ ಕಚ್ಚಿಕೊಂಡಿರುತ್ತವೆ. ತಿರುವಿನಲ್ಲಿ ಒಳಗಡೆಯ ಹಿಂಚಕ್ರ ನೆಲದಿಂದ ಒಂಚೂರು ಮೇಲೆದ್ದರೆ ಮಾತ್ರ ಗಾಡಿ ಸರಿಯಾಗಿ ತಿರುಗುತ್ತದೆ. ಇಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿದರೂ ನೇರ ನುಗ್ಗುತ್ತದೆ. ಆ ಚಕ್ರವನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಅನ್ನುವುದನ್ನು ಮಗು ಕೂತ ಜಾಗದಿಂದಲೇ ತಿಳಿಯಬೇಕು, ಕೈಯಿಂದಲೇ ಸರಿ ಮಾಡಬೇಕು.

ಆದ್ದರಿಂದ ಸ್ಟಾಪ್‌ವಾಚ್ ಸ್ವಲ್ಪ ದಿನ ಜೇಬಲ್ಲೇ ಇರಲಿ. ಅವಳು ಹೆಲ್ಮೆಟ್ ತೆಗೆದ ಮೇಲೆ ಟೈಮ್ ಎಷ್ಟು ಅಂತ ಕೇಳಬೇಡಿ. ಆ ಉದ್ದದ ತಿರುವಿನಲ್ಲಿ ಗಾಡಿ ಏನು ಮಾಡ್ತು ಅಂತ ಕೇಳಿ. 'ಚೆನ್ನಾಗಿತ್ತು' ಅಂದರೆ ಅವಳಿನ್ನೂ ಸುಮ್ನೆ ಓಡಿಸುತ್ತಿದ್ದಾಳೆ, ಓಡಿಸಲಿ ಬಿಡಿ. 'ಒಳಗೆ ಹೋಗೋವಾಗ ಮುಂದಿನ ಟೈರ್ ಹಿಡೀಲಿಲ್ಲ, ಆಮೇಲೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದೆ ಜಾರ್ತು' ಅಂದರೆ ಕಿವಿ ನಿಮಿರಿಸಿ. ಮೆಕ್ಯಾನಿಕ್‌ಗೆ ಬೇಕಾಗಿರುವುದು ಈ ಮಾತೇ. ಅದನ್ನು ಕೇಳಿ ಆತ ಟೈರಿನ ಗಾಳಿಯನ್ನು ಒಂಚೂರು ಬದಲಿಸುತ್ತಾನೆ, ಇಲ್ಲವೇ ಹಿಂಚಕ್ರಗಳ ನಡುವಿನ ಅಗಲ ಸ್ವಲ್ಪ ಹೆಚ್ಚುಕಮ್ಮಿ ಮಾಡುತ್ತಾನೆ. ಮುಂದಿನ ಓಟದಲ್ಲಿ ಬದಲಾವಣೆ ಏನು ಅಂತ ಅವಳು ಮತ್ತೆ ಹೇಳಬೇಕು. ಹದಿನೈದು ವರ್ಷದ ನಂತರ ಯಾರಾದರೂ ಅವಳಿಗೆ ಸಂಬಳ ಕೊಟ್ಟರೆ, ವೇಗದ ಜೊತೆಗೆ ಈ ಮಾತಿಗೂ ಸೇರಿಸಿಯೇ ಕೊಡುತ್ತಾರೆ.

ಸಂಬಳದ ವಿಷಯವನ್ನು ನೀವು ಕೇಳಿಲ್ಲ. ನಿಮ್ಮ ಎಲ್ಲ ಪ್ರಶ್ನೆಗಳ ಹಿಂದೆ ಇರುವುದು ಅದೇ. ಕಾರ್ಟಿಂಗ್‌ನಲ್ಲಿ ನೀವು ದುಡ್ಡು ಕೊಟ್ಟು ಓಡಿಸುತ್ತೀರಿ. 60 ಸಿಸಿಯ ಮಿನಿ, ಆಮೇಲೆ 125 ಸಿಸಿಯ ಜೂನಿಯರ್, ಅದಾದ ಮೇಲೆ ಸೀನಿಯರ್. 15 ವರ್ಷ ತುಂಬಿದ ಮೇಲೆ ಫಾರ್ಮುಲಾ 4 ಕಾರು. ಅಲ್ಲಿಂದ ಎಫ್3, ಎಫ್2. ಮೆಟ್ಟಿಲು ಹತ್ತಿದಂತೆ ಖರ್ಚು ಇಳಿಯುವುದಿಲ್ಲ, ಹಲವು ಪಟ್ಟು ಏರುತ್ತದೆ. ಎಫ್2ನಲ್ಲಿ ಗೆಲ್ಲುವ ಡ್ರೈವರ್ ಕೂಡ ಸಾಮಾನ್ಯವಾಗಿ ತಂಡಕ್ಕೆ ದುಡ್ಡು ತಂದೇ ಸೀಟಿನಲ್ಲಿ ಕೂತಿರುತ್ತಾನೆ. ಅದು ಅಪ್ಪನದೋ, ಪ್ರಾಯೋಜಕರದೋ, ಯಾವುದೋ ಎಫ್1 ತಂಡದ ಅಕಾಡೆಮಿಯದೋ ಆಗಿರುತ್ತದೆ. ಹ್ಯಾಮಿಲ್ಟನ್ ಅವರ ಅಪ್ಪ ಎರಡು ಮೂರು ಕೆಲಸ ಮಾಡಿ ಮಗನ ಕಾರ್ಟಿಂಗ್ ನಡೆಸಿದರು. 1998ರಲ್ಲಿ, ಹುಡುಗನಿಗೆ 13 ಆದಾಗ, ಎಫ್1 ತಂಡ ಮೆಕ್ಲಾರೆನ್ ಕೈ ಹಿಡಿಯಿತು. ಹಾಗೆ ಕೈ ಹಿಡಿಯುವವರು ಸಿಗದೆ ಎಫ್4 ಹೊತ್ತಿಗೆ ನಿಂತುಹೋಗುವ ಮಕ್ಕಳೇ ಜಾಸ್ತಿ.

ಅಷ್ಟೆಲ್ಲ ಹತ್ತಿದರೂ ಎಫ್1ನಲ್ಲಿ ಇರುವುದು 2026ರಲ್ಲಿ 11 ತಂಡ, 22 ಸೀಟು. ಎಫ್1 ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ಸೀಸನ್‌ಗಳಲ್ಲಿ 40 ಪಾಯಿಂಟ್ ಬೇಕು. ಎಫ್2ನಲ್ಲಿ ಮೊದಲ ಮೂರರೊಳಗೆ ಬಂದರೆ ನಲವತ್ತೂ ಒಟ್ಟಿಗೆ ಸಿಗುತ್ತವೆ, ಎಫ್4 ಚಾಂಪಿಯನ್‌ಗೆ ಬರೀ 12. ಲೈಸೆನ್ಸ್ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತಲೂ ಅಲ್ಲ.

ಇಲ್ಲಿ ನಿಕ್ ಡಿ ವ್ರೀಸ್ ಅವರ ದಾರಿ ನೋಡಿ. 2010, 2011ರಲ್ಲಿ ಕಾರ್ಟಿಂಗ್ ವಿಶ್ವ ಚಾಂಪಿಯನ್. 2019ರಲ್ಲಿ ಎಫ್2 ಚಾಂಪಿಯನ್. ಆಮೇಲೆ ವಿದ್ಯುತ್ ಕಾರುಗಳ ಫಾರ್ಮುಲಾ ಇ ಚಾಂಪಿಯನ್. 2023ರಲ್ಲಿ ಎಫ್1 ಸೀಟು ಸಿಕ್ಕಿ, ಹತ್ತು ರೇಸ್ ಮುಗಿಯುತ್ತಿದ್ದಂತೆ ಅದು ಕೈತಪ್ಪಿತು. ಸುದ್ದಿಯವರು ಅಲ್ಲಿಗೇ ಕಥೆ ಮುಗಿಸಿದರು. ಅವರ ಕೆಲಸವೇನೂ ಮುಗಿಯಲಿಲ್ಲ, ಗಂಟೆಗಟ್ಟಲೆ ಓಡುವ ಸ್ಪೋರ್ಟ್ಸ್ ಕಾರ್‌ಗಳ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನಲ್ಲಿ ಟೊಯೋಟಾ ಕಾರು ಓಡಿಸಿದರು. ನನ್ನ ಕೇಳಿದರೆ, ನಿಮ್ಮ ಮಗಳ ಕಣ್ಣು ಬೀಳಬೇಕಾದದ್ದು ಈ ಕಡೆಗೆ. ಡ್ರೈವರ್‌ಗಳಿಗೆ ಸಂಬಳ ಸಿಗುವ ಜಾಗ ಎಫ್1ಗಿಂತ ಸ್ಪೋರ್ಟ್ಸ್ ಕಾರ್ ರೇಸಿಂಗ್‌ನಲ್ಲಿ ಎಷ್ಟೋ ಹೆಚ್ಚು. ಅಲ್ಲಿ ವಿಶ್ವ ಮೋಟಾರ್ ಸ್ಪೋರ್ಟ್ ಸಂಸ್ಥೆಯಾದ ಎಫ್‌ಐಎ, ಡ್ರೈವರ್‌ಗಳನ್ನು ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ವಿಂಗಡಿಸುತ್ತದೆ. ಬ್ರಾಂಜ್ ಅಂದರೆ ಬಹುತೇಕ ಹವ್ಯಾಸಿಗಳು, ಕೈಯಲ್ಲಿ ಕಾಸಿರುವವರು. ಹಲವು ಜಿಟಿ3 (ರಸ್ತೆಯ ಸ್ಪೋರ್ಟ್ಸ್ ಕಾರನ್ನು ರೇಸಿಗೆ ಮಾರ್ಪಡಿಸಿದ ಕಾರುಗಳ) ರೇಸ್‌ಗಳಲ್ಲಿ ಅಂಥವರೊಬ್ಬರು ವೃತ್ತಿಪರರ ಜೊತೆ ಒಂದೇ ಕಾರು ಹಂಚಿಕೊಂಡು ಓಡಿಸಲೇಬೇಕು. ದುಡ್ಡು ಹವ್ಯಾಸಿಯದು, ಸಂಬಳ ವೃತ್ತಿಪರರಿಗೆ. ಕಾರು ಮಾಡುವ ಕಂಪನಿಗಳ ಒಪ್ಪಂದ, ಸಿಮ್ಯುಲೇಟರ್ ಕೆಲಸ, ಕೋಚಿಂಗ್ ಎಲ್ಲ ಇದರ ಸುತ್ತಲೇ ಇವೆ. ಎಲ್ಲರಿಗಿಂತ ಒಂದು ಸುತ್ತು ಜೋರಾಗಿ ಹೊಡೆದು ಎರಡನೇ ಸುತ್ತಿನಲ್ಲಿ ಗೋಡೆಗೆ ಗುದ್ದುವವರನ್ನು ಇಲ್ಲಿ ಯಾರೂ ಎರಡನೇ ಸಲ ಕರೆಯುವುದಿಲ್ಲ.

ಹೆಣ್ಣುಮಕ್ಕಳಿಗೆ ಅಂತ 2023ರಲ್ಲಿ ಎಫ್1 ಅಕಾಡೆಮಿ ಶುರುವಾಗಿದೆ, ಎಫ್4 ಮಟ್ಟದ ಕಾರು. ಒಳ್ಳೆಯ ಬಾಗಿಲು. ಆದರೆ ಅದಕ್ಕೂ ಮೊದಲಿದ್ದ ಮಹಿಳೆಯರ ಡಬ್ಲ್ಯೂ ಸೀರೀಸ್ 2022ರಲ್ಲಿ ದುಡ್ಡಿಲ್ಲದೆ ಅರ್ಧಕ್ಕೇ ನಿಂತಿತು ಅನ್ನುವುದೂ ನೆನಪಿರಲಿ. ಅದನ್ನು ಮೂರು ಸಲ ಗೆದ್ದ ಜೇಮಿ ಚಾಡ್ವಿಕ್ ಅಮೆರಿಕದ ಇಂಡಿ ಎನ್‌ಎಕ್ಸ್‌ಟಿ ರೇಸ್ ಸರಣಿಗೆ ಹೋಗಿ ಅಲ್ಲೂ ರೇಸ್ ಗೆದ್ದರು. ಒಂದೇ ಬಾಗಿಲ ಮುಂದೆ ಕಾಯುತ್ತಾ ಕೂರಬಾರದು ಅಂತ ಇದನ್ನು ಹೇಳಿದೆ.

ಶಾಲೆ ಬಿಡಿಸಬೇಡಿ. ಹದಿನೈದಕ್ಕೆ ದುಡ್ಡು ಮುಗಿದರೆ ಅವಳ ಕೈಯಲ್ಲಿ ಏನಾದರೂ ಇರಬೇಕಲ್ವಾ? ರೇಸಿಂಗ್‌ನಲ್ಲೇ ಉಳಿಯಬೇಕು ಅಂದರೂ ಎಂಜಿನಿಯರ್ ತೋರಿಸುವ ಗ್ರಾಫ್ ಓದಲು, ಪ್ರಾಯೋಜಕರ ಮುಂದೆ ನಿಂತು ನಾಲ್ಕು ಮಾತಾಡಲು ಓದು ಬೇಕೇ ಬೇಕು.

ಕಾರ್ಟ್ ಈಗಲೇ ಕೊಳ್ಳಬೇಡಿ. ಕಾರ್ಟನ್ನು ಅವರೇ ಕೊಡುವ ಕ್ಲಬ್ ರೇಸ್‌ಗಳಲ್ಲಿ ಒಂದು ಸೀಸನ್ ಓಡಲಿ. ಎಲ್ಲರಿಗೂ ಒಂದೇ ಥರದ ಎಂಜಿನ್ ಇರುವಲ್ಲಿ ಅವಳು ಎಲ್ಲಿ ನಿಲ್ಲುತ್ತಾಳೆ ಅನ್ನುವುದು ಆಗ ಗೊತ್ತಾಗುತ್ತದೆ. ಸೋತ ದಿನವೂ ಮತ್ತೆ ಹೋಗೋಣ ಅಂತಾಳಾ ಅನ್ನುವುದೂ ಗೊತ್ತಾಗುತ್ತದೆ. ಕೋಚ್ ಬೇರೆ ಯಾರಾದರೂ ಆಗಿರಲಿ. ಖರ್ಚು ಮಾಡುವವರೇ ಬೇಲಿ ಪಕ್ಕ ನಿಂತು 'ಬ್ರೇಕ್, ಬ್ರೇಕ್' ಅಂತ ಕೂಗಿದರೆ ಮಗು ಟ್ರ್ಯಾಕ್ ನೋಡುವುದು ಬಿಟ್ಟು ನಿಮ್ಮ ಮುಖ ನೋಡುತ್ತದೆ.

ಆ ಸೀಸನ್ ಮುಗಿದ ಮೇಲೂ ಆಸೆ ಹಾಗೇ ಇದ್ದರೆ ಸೆಕೆಂಡ್ ಹ್ಯಾಂಡ್ ಕಾರ್ಟ್ ಸಾಕು. ಚಾಸಿಯಲ್ಲಿ (ಗಾಡಿಯ ಚೌಕಟ್ಟಿನಲ್ಲಿ) ಬಿರುಕು, ವೆಲ್ಡಿಂಗ್ ಇದೆಯಾ ಅಂತ ತಿಳಿದವರಿಗೆ ತೋರಿಸಿ. ಕಾರ್ಟ್‌ನಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ, ತಿರುವಿನಲ್ಲಿ ಪಕ್ಕೆಲುಬು ಸೀಟಿಗೆ ಒತ್ತುತ್ತದೆ. ಹಾಗಾಗಿ ಪಕ್ಕೆಲುಬಿನ ರಕ್ಷಾಕವಚ ಮೊದಲ ದಿನದಿಂದಲೇ ಬೇಕು. ಹೆಲ್ಮೆಟ್ ಮಾತ್ರ ಹೊಸದೇ ತನ್ನಿ, ಮಕ್ಕಳಿಗೆಂದೇ ಇರುವ ಸ್ನೆಲ್-ಎಫ್‌ಐಎ ಸಿಎಂಆರ್ ಗುರುತಿನದು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್‌ನ ಒಳಗಿನ ಫೋಮ್ ಹಾಳಾಗಿದ್ದರೂ ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ.