ರಾಗಿ ಪೈರಿನ ಪ್ರಯೋಗಕ್ಕೆ ಎರಡೇ ಕುಂಡ ಸಾಕೇ?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳು ಒಂದು ಕುಂಡಕ್ಕೆ ಎರೆಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕದೆ ರಾಗಿ ಬೆಳೆಸಿದರು. ಗೊಬ್ಬರವಿಲ್ಲದ್ದೇ ಎತ್ತರ ಬಂತು. ತಪ್ಪೆಲ್ಲಿ?
– ವಿಜ್ಞಾನ ಶಿಕ್ಷಕಿ, ಚಿಂತಾಮಣಿ

ಉತ್ತರ: ಎರಡೇ ಕುಂಡದಿಂದ ಏನನ್ನೂ ಹೇಳಲಾಗದು. ಒಂದು ಗಿಡ ಸೊರಗಿದರೆ ಅದು ಗೊಬ್ಬರದಿಂದಲೋ ಬೀಜದಿಂದಲೋ ತಿಳಿಯುವುದಿಲ್ಲ. ಒಂದೊಂದು ಬಗೆಗೆ ಕನಿಷ್ಠ 10 ಕುಂಡ ಇಡಿ.

ಒಂದೇ ಹೊಲದ ಕೆಂಪು ಮಣ್ಣನ್ನು ಜರಡಿ ಹಿಡಿದು ಎರಡು ಪಾಲು ಮಾಡಿ. ಒಂದು ಪಾಲಿಗೆ ಮಾತ್ರ 9 ಲೋಟ ಮಣ್ಣಿಗೆ 1 ಲೋಟ ಎರೆಗೊಬ್ಬರ ಬೆರೆಸಿ. ಕುಂಡದ ಅಳತೆ ಒಂದೇ ಇರಲಿ, ತಳದಲ್ಲಿ ತೂತಿರಲಿ. ಒಂದೇ ಪೊಟ್ಟಣದ ಜಿಪಿಯು-28 ಎಂಬ ರಾಗಿ ತಳಿಯ ಬೀಜವನ್ನು ಕುಂಡಕ್ಕೆ 5 ಕಾಳಿನಂತೆ, 1 ಸೆಂ.ಮೀ. ಆಳಕ್ಕೆ ಹಾಕಿ. ಹತ್ತನೇ ದಿನ ಪ್ರತಿ ಕುಂಡದಲ್ಲೂ ಮಧ್ಯಮ ಎತ್ತರದ ಒಂದೇ ಸಸಿ ಉಳಿಸಿ.

ಹೆಚ್ಚಿನವರು ಎಡವುವುದು ಕುಂಡ ಇಡುವ ಜಾಗದಲ್ಲಿ. ಗೊಬ್ಬರದವೆಲ್ಲ ಗೋಡೆಯ ನೆರಳಿಗೆ ಬಿದ್ದರೆ ಮಕ್ಕಳು ಅಳೆದದ್ದು ಬಿಸಿಲನ್ನೇ ಹೊರತು ಗೊಬ್ಬರವನ್ನಲ್ಲ. ಚೀಟಿ ಎತ್ತಿ ಜಾಗ ಗೊತ್ತುಮಾಡಿ, ವಾರಕ್ಕೊಮ್ಮೆ ಮತ್ತೆ ಚೀಟಿ ಎತ್ತಿ ಬದಲಿಸಿ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಎರೆಗೊಬ್ಬರ ತೇವ ಹಿಡಿದಿಡುತ್ತದೆ. ಎಲ್ಲಕ್ಕೂ ಒಂದೇ ಲೋಟ ನೀರು ಹಾಕುತ್ತಿದ್ದರೆ ಗೊಬ್ಬರದ ಕುಂಡ ಜೌಗಾಗಿ, ಬೇರಿಗೆ ಗಾಳಿ ಸಿಗದೆ ಪೈರು ಹಳದಿಯಾಗುತ್ತದೆ. ನಿಮ್ಮಲ್ಲೂ ಹೀಗೇ ಆಗಿರಬಹುದು. ಮೊದಲ ದಿನ ಪೂರ್ತಿ ನೆನೆಸಿ, ನೀರು ಬಸಿದ ಮೇಲೆ ಕುಂಡ ತೂಗಿ ಬರೆದಿಡಿ. ದಿನವೂ ತೂಗಿ, ಕಡಿಮೆಯಾದಷ್ಟೇ ನೀರು ಕೊಡಿ.

ಎತ್ತರವೊಂದನ್ನೇ ನಂಬಬೇಡಿ, ನೆರಳಿನ ಗಿಡವೂ ಉದ್ದಕ್ಕೆ ಎಳೆಯುತ್ತದೆ. 30ನೇ ದಿನ ಪೈರು ಕಿತ್ತು, ಬೇರು ತೊಳೆದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಆ ಒಣತೂಕದ ಸರಾಸರಿಗಳನ್ನು ಹೋಲಿಸಿ.